ನರ ತೋರಿಸಿದವನು

ನರ್ಸಮ್ಮ ಮೂರನೇ ಸಲ ಚುಚ್ಚಿದರೂ ರಕ್ತ ಬರಲಿಲ್ಲ. ಪೇಂಟರ್ ತೋಳು ಬಿಡಿಸಿಕೊಂಡು ಎದ್ದ. ವ್ಯಾನಿನ ಹೊರಗೆ, ಸೇತುವೆಯ ಕಂಬಕ್ಕೆ ಒರಗಿ ನಿಂತಿದ್ದ ಹದಿನೈದು ಮಂದಿಯೂ ಮೆಲ್ಲಗೆ ಜಾಗ ಖಾಲಿ ಮಾಡತೊಡಗಿದರು.

ವ್ಯಾನಿನೊಳಗಿದ್ದ ಗುಬ್ಬಿ ಬಾಗಿಲಿಗೆ ಅಡ್ಡ ನಿಂತಳು. ಎಲ್ಲರೂ ಪೇಂಟರ್ ಎನ್ನುವ ಅವನು ಅವಳ ಒಡಹುಟ್ಟಿದ ತಮ್ಮ. ವಾರದಿಂದ ಅವನ ಕಣ್ಣು ಹಳದಿಯಾಗಿತ್ತು. ಎರಡು ವರ್ಷದ ಹಿಂದಿನವರೆಗೆ ಅವಳೂ ಇದೇ ಸೇತುವೆಯ ಕೆಳಗೆ ಕೂತು ನಶೆಯ ಮದ್ದು ಚುಚ್ಚಿಕೊಂಡವಳು. ಈಗ ಅದೇ ಜನಕ್ಕೆ ಹೊಸ ಸೂಜಿ ಹಂಚುವುದು ಅವಳ ಕೆಲಸ. ಒಂದೇ ಸೂಜಿ ನಾಲ್ಕು ಕೈ ದಾಟಿದರೆ ಲಿವರ್ ರೋಗವೂ ದಾಟುತ್ತದೆಂದು ಹೇಳಿ ಹೇಳಿ ಗಂಟಲು ಒಣಗಿತ್ತು. ಆ ರೋಗದ ಪರೀಕ್ಷೆಗೆಂದು ಈ ವ್ಯಾನಿಗೆ ಬಂದವರು ಮಾತ್ರ ನಾಲ್ಕೈದು ಸಲ ಚುಚ್ಚಿಸಿಕೊಂಡು, ರಕ್ತ ಕೊಡದೆಯೇ ಓಡುತ್ತಿದ್ದರು. ಇವತ್ತೂ ಹೀಗೇ ಆದರೆ ವ್ಯಾನನ್ನು ಬೇರೆ ಕಡೆ ಕಳಿಸುತ್ತೇವೆಂದು ಆಫೀಸಿನವರು ಖಡಾಖಂಡಿತವಾಗಿ ಹೇಳಿದ್ದರು.

"ಕೂತ್ಕೊಳ್ಳೋ," ಅಂದಳು ಗುಬ್ಬಿ.

"ಇವರು ನನ್ನ ಜರಡಿ ಮಾಡ್ತಾರೆ ಕಣಕ್ಕ."

ನರ್ಸಮ್ಮನ ಮುಖ ಕೆಂಪಾಯಿತು. "ನಂದು ಇಪ್ಪತ್ತು ವರ್ಷದ ಸರ್ವಿಸ್. ಇವನ ತೋಳಲ್ಲಿ ನರಾನೇ ಇಲ್ಲ."

"ಹೌದು ಮೇಡಂ," ಅಂದಳು ಗುಬ್ಬಿ. "ಚುಚ್ಚಿ ಚುಚ್ಚಿ ತೋಳಿನ ನರ ಮುಗಿದು ಆರು ವರ್ಷ ಆಯ್ತು. ಎಲ್ಲಿ ಉಳಿದಿದೆ ಅಂತ ಅವನಿಗೇ ಗೊತ್ತು. ಅವನನ್ನೇ ಕೇಳಿ."

ನರ್ಸಮ್ಮನಿಗೆ ಇದು ನುಂಗಲಾರದ ತುತ್ತು. ಆದರೂ ಗ್ಲೌಸ್ ಬದಲಿಸಿ, "ಎಲ್ಲಿದೆಯಪ್ಪ?" ಅಂದರು.

ಪೇಂಟರ್ ಅಕ್ಕನ ಮುಖ ನೋಡಿದ. ಕೂತು, ರಬ್ಬರ್ ಪಟ್ಟಿಯನ್ನು ತಾನೇ ಮಣಿಕಟ್ಟಿನ ಮೇಲೆ ಬಿಗಿದು, ಮುಷ್ಟಿ ಹಿಡಿದು, ಹೆಬ್ಬೆರಳಿನ ಬುಡದ ಹಿಂದೆ ಬೆರಳಿಟ್ಟ. "ಇಲ್ಲಿ. ಸಣ್ಣ ಸೂಜಿ ತಗೊಳ್ಳಿ. ನಿಧಾನ." ಕೆಲಸ ಕಲಿಸುವ ಮೇಸ್ತ್ರಿಯ ಗತ್ತು ಅವನದು. ಟ್ಯೂಬಿನೊಳಕ್ಕೆ ರಕ್ತ ನುಗ್ಗಿತು. ಗುಬ್ಬಿ ಅದಕ್ಕೆ ತಮ್ಮನ ಹೆಸರಿನ ಚೀಟಿ ಅಂಟಿಸಿದಳು. ರೋಗವಿದ್ದರೆ ಇನ್ನು ಔಷಧಿಯಾದರೂ ಶುರುವಾಗುತ್ತದೆ.

ಪೇಂಟರ್ ಹತ್ತಿ ಒತ್ತಿಕೊಂಡೇ ಬಾಗಿಲಿಗೆ ಬಂದ. "ಒಂದೇ ಸಲಕ್ಕೆ ಬಂತು ಕಣ್ರೋ. ಜಾಗ ನಾವೇ ತೋರಿಸಬಹುದಂತೆ."

ಹೊರಟವರು ತಿರುಗಿದರು. ಒಬ್ಬ ಪಾದ ತೋರಿಸಿದ, ಒಬ್ಬಳು ಬೆರಳ ಸಂದು ತೋರಿಸಿದಳು. ಗುಬ್ಬಿಗೆ ಕುಣಿದುಬಿಡುವಷ್ಟು ಖುಷಿ. ಮಧ್ಯಾಹ್ನದ ಹೊತ್ತಿಗೆ ತಂದ ಟ್ಯೂಬುಗಳೆಲ್ಲ ಮುಗಿದುಹೋದವು.

ನರ್ಸಮ್ಮ ಆಫೀಸಿಗೆ ಫೋನ್ ಮಾಡಿದರು. "ಇನ್ನಷ್ಟು ಟ್ಯೂಬ್ ಕಳ್ಸಿ ಸಾರ್. ವ್ಯಾನ್ ಇಲ್ಲಿಂದ ಎಲ್ಲಿಗೂ ಹೋಗಲ್ಲ."

ಅದೇನು ಮಾಯ ಮಾಡಿದಿರಿ ಎಂದು ಆ ಕಡೆಯವರು ಕೇಳಿದರು. ನರ್ಸಮ್ಮ ಗುಬ್ಬಿಯ ಕಡೆ ನೋಡಿ ನಕ್ಕರು.

"ಇಷ್ಟು ದಿನ ನರ ನಾವೇ ಹುಡುಕ್ತಿದ್ವಿ ಸಾರ್. ಇವತ್ತು ಅವರನ್ನೇ ಕೇಳಿದ್ವಿ."