ಭಿನ್ನರಾಶಿ ಎಂಬ ಹೊಟ್ಟೆನೋವು

“ಹೊಟ್ಟೆನೋವು ಟೀಚರ್!”

ನರಳಾಟ ಕೊನೆಯ ಬೆಂಚಿನ ಅಡಿಯಿಂದ ಬಂತು. ಟೀಚರ್ ಸೀಮೆಸುಣ್ಣ ಕೆಳಗಿಟ್ಟು ಬಗ್ಗಿ ನೋಡಿದರು. ಅವನೇ. ಬ್ಯಾಗನ್ನು ತಬ್ಬಿಕೊಂಡು, ಹಾಲು ಕುಡಿಯುವ ಬೆಕ್ಕಿನ ಹಾಗೆ ಕಣ್ಣು ಮುಚ್ಚಿ ಕೂತಿದ್ದ. ತಾನು ನೋಡದಿದ್ದರೆ ಟೀಚರಿಗೂ ತಾನು ಕಾಣುವುದಿಲ್ಲ ಎಂಬ ಲೆಕ್ಕ. ಅವನಿಗೆ ಬರುತ್ತಿದ್ದ ಲೆಕ್ಕ ಅದೊಂದೇ.

ಬೇರೆ ಪಾಠಗಳಿಗೆ ಅವನು ಗಟ್ಟಿಮುಟ್ಟು. ಕಪ್ಪುಹಲಗೆಯ ಮೇಲೆ ಭಿನ್ನರಾಶಿ ಕಂಡಿತೋ, ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಇಡೀ ತರಗತಿ ಅವನನ್ನು ‘ಹೊಟ್ಟೆನೋವು’ ಎಂದೇ ಕರೆಯುತ್ತಿತ್ತು. ಅವನು ಓಗೊಡುತ್ತಲೂ ಇದ್ದ.

ಟೀಚರಿಗೆ ಮಾತ್ರ ನಗು ಬರಲಿಲ್ಲ. ಈ ತರಗತಿಯಲ್ಲಿ ಒಬ್ಬರೂ ಹಿಂದೆ ಬೀಳುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿಗೆ ಎದೆ ತಟ್ಟಿ ಹೇಳಿ ಬಂದಿದ್ದರು. ಇವನೋ, “ನನ್ನ ತಲೆಗೆ ಇದು ಹತ್ತಲ್ಲ. ನಾಳೆಯಿಂದ ಬರಲ್ಲ” ಎಂದು ಬ್ಯಾಗಿನ ಜಿಪ್ ಎಳೆದ.

“ಹಾಗಾದ್ರೆ ಮನೆಯವರನ್ನೇ ಕೇಳೋಣ.”

ಅವನ ಮುಖ ಬಿಳುಚಿತು. “ದಮ್ಮಯ್ಯ ಟೀಚರ್! ಮನೇಲಿ ಮಾತ್ರ ಹೇಳ್ಬೇಡಿ. ಸುಮ್ನೆ ಬಿಡಲ್ಲ!”

ಮನೆಯಲ್ಲಿ ಅವನ ಪಾಠದ ಉಸ್ತುವಾರಿ ಹೊತ್ತವಳು ಗೇಟಿನ ಬಳಿಯೇ ಕಾಯುತ್ತಿದ್ದಳು. ಒಳಗೆ ಬಂದು, ಕುರ್ಚಿಯಲ್ಲಿ ಕೈಕಟ್ಟಿ ಕೂತು, ಅವನನ್ನೊಮ್ಮೆ ದುರುಗುಟ್ಟಿ ನೋಡಿದಳು. ಅವನು ನೆಲ ನೋಡಿದ.

“ಮನೇಲೂ ಇದೇ ರಗಳೆ ಟೀಚರ್. ಪುಸ್ತಕ ತೆಗಿ ಅಂದ್ರೆ ಬಾಯಾರಿಕೆ. ತೆಗೆದ್ರೆ ನಿದ್ದೆ. ಮೊಬೈಲ್ ಕಿತ್ಕೊಂಡ್ರೆ ಮುಖ ಊದಿಸ್ಕೊಂಡು ಕೂರೋದು. ಪಕ್ಕದ ಮನೆಯವರಿಗೆಲ್ಲ ಬರುತ್ತೆ, ಇಲ್ಲೇನು ಧಾಡಿ?”

“ಹೋಲಿಸ್ಬಾರ್ದು,” ಎಂದರು ಟೀಚರ್ ಮೆಲ್ಲಗೆ. “ಒಬ್ಬೊಬ್ಬರ ತಲೆಗೆ ಒಂದೊಂದು ಕಡೆ ಬಾಗಿಲು. ಅದೆಲ್ಲಿದೆ ಅಂತ ಹುಡುಕ್ಬೇಕು ಅಷ್ಟೆ.”

“ಈ ತಲೆಗೆ ಬರೀ ಗೋಡೇನೇ ಇರೋದು ಟೀಚರ್.”

ಅಷ್ಟರಲ್ಲಿ ಟೀಚರ ಕಣ್ಣು ಅವನ ಕೈಯ ಮೇಲೆ ಬಿತ್ತು. ಬೈಗುಳ ಕೇಳುತ್ತಲೇ ಅವನು ಹಾಳೆಯೊಂದನ್ನು ಮಡಚಿ ದೋಣಿ ಮಾಡುತ್ತಿದ್ದ. ಮಡಿಕೆ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ಟೀಚರ್ ಹೊಸ ಹಾಳೆ ಕೊಟ್ಟರು. “ಸರಿಯಾಗಿ ಮಧ್ಯಕ್ಕೆ ಮಡಚಿ... ಎಷ್ಟಾಯ್ತು?”

“ಅರ್ಧ.”

“ಇನ್ನೊಂದು ಸಲ?”

“ಕಾಲು.”

“ಮತ್ತೊಂದು ಸಲ?”

“ಎಂಟರಲ್ಲಿ ಒಂದು...” ಎಂದವನು ಬೆಚ್ಚಿಬಿದ್ದ. ಹಾಳೆಯನ್ನು ಬಿಚ್ಚಿ ನೋಡಿದ, ಕಪ್ಪುಹಲಗೆಯನ್ನು ನೋಡಿದ. “ಅಯ್ಯೋ, ಇದೇನಾ ಭಿನ್ನರಾಶಿ? ಇದಕ್ಕಾ ನಾನು ಇಷ್ಟು ದಿನ ಹೊಟ್ಟೆ ಹಿಡ್ಕೊಂಡಿದ್ದು?”

ಹಲಗೆಯತ್ತ ಓಡಿದ. ಒಂದು ಲೆಕ್ಕ ಬಿಡಿಸಿದ. ಯಾರೂ ಕೇಳದೆಯೇ ಇನ್ನೊಂದನ್ನೂ ಬಿಡಿಸಿದ. ಮೂಗಿಗೆಲ್ಲ ಸುಣ್ಣ. ಬೆಂಚುಗಳು ಅದುರುವಂತೆ ಚಪ್ಪಾಳೆ ಬಿತ್ತು.

ಕುರ್ಚಿಯಲ್ಲಿದ್ದವಳು ಕಣ್ಣೊರೆಸಿಕೊಂಡಳು. ಅವನನ್ನು ಹತ್ತಿರ ಕರೆದು ಬೆನ್ನು ತಟ್ಟಿದಳು. “ನಾಳೆಯಿಂದ ಬರ್ತೀಯಲ್ಲ?”

“ಹೂಂ,” ಎಂದ ಅವನು, ಬಾಯಿ ಕಿವಿಯವರೆಗೆ ಅಗಲಿಸಿ.

ಅವಳು ಕುರ್ಚಿಯಿಂದ ಕೆಳಕ್ಕೆ ಜಿಗಿದು, ಎರಡೂ ಜಡೆ ಸರಿಮಾಡಿಕೊಂಡು, ಕತ್ತೆತ್ತಿ ಅವನ ಕೈ ಹಿಡಿದಳು: “ನಡಿ ಅಪ್ಪಾ. ಅಪ್ಪಂದಿರ ಕ್ಲಾಸಲ್ಲಿ ನೀನು ಪಾಸಾಗಿ ನಂಗೆ ಹೇಳ್ಕೊಟ್ರೆ ತಾನೇ, ನಾಲ್ಕನೇ ಕ್ಲಾಸಲ್ಲಿ ನಾನು ಪಾಸಾಗೋದು!”