ಎಲ್ಲರ ಗಂಟೂ ಒಂದೇ

ಬೆಳಿಗ್ಗೆ ಕಡಲು ಒಂದು ಹರಿದ ಬಲೆಯನ್ನು ದಡಕ್ಕೆ ತಂದೆಸೆದಿತ್ತು. ಗಾಳಿಗೆ ಸಿಕ್ಕ ಎರಡು ದೋಣಿಗಳು ಇನ್ನೂ ಮರಳಿರಲಿಲ್ಲ. ಒಂದರಲ್ಲಿ ಜಲಜಳ ಗಂಡ ಶೀನ, ಇನ್ನೊಂದರಲ್ಲಿ ಪಕ್ಕದ ಮನೆಯ ಮುಕ್ತಾಳ ಗಂಡ.

ಹಿಂದೆ ಗಂಟು ನೋಡಿಯೇ ಬಲೆ ಯಾರದೆಂದು ಹೇಳುತ್ತಿದ್ದರು. ಒಂದೊಂದು ಮನೆಯ ಗಂಟಿಗೆ ಒಂದೊಂದು ತಿರುವು. ಈಗ ಎಲ್ಲರ ಮನೆಗೂ ಬಲೆ ಹೆಣೆಯಲು ಕಲಿಸುವ ಕನ್ನಡಕ ಬಂದಿದೆ. ಹಾಕಿಕೊಂಡರೆ ಬಲೆಯ ಮೇಲೆ ಎರಡು ಹಸಿರು ಕೈಗಳು ಮೂಡಿ ಗಂಟು ಹಾಕಿ ತೋರಿಸುತ್ತವೆ. ಅವುಗಳ ಹಿಂದೆ ನಮ್ಮ ಕೈ ಹೋದರೆ ಸಾಕು, ಗಂಟು ಬಿಚ್ಚುವುದಿಲ್ಲ.

"ಜಲಜಕ್ಕ, ನಿಮ್ದಾ ನಮ್ದಾ?" ಮುಕ್ತಾ ಕೇಳಿದಳು.

ಜಲಜ ಬಲೆಯ ಮೇಲೆ ಬೆರಳಾಡಿಸುತ್ತ ಹೋದಳು. ಶೀನನಿಗೆ ಹಸಿರು ಕೈಗಳ ನಿಧಾನ ಸಹಿಸಲಾಗುತ್ತಿರಲಿಲ್ಲ. "ಈ ಮಾಸ್ತರಿಗೆ ಕಾದ್ರೆ ಮೀನಿಗೆ ಮುಪ್ಪು ಬತ್ತ್" ಎಂದು ಮುಂದೋಡಿ, ನಾಲ್ಕಕ್ಕೊಂದು ಗಂಟನ್ನು ತಿರುಗಾಮುರುಗಾ ಬಿಗಿಯುತ್ತಿದ್ದ. ಅಂಥದೊಂದು ಸಿಗದಿರಲಿ ಎಂದುಕೊಳ್ಳುತ್ತಲೇ ಅವಳು ಹುಡುಕಿದಳು.

ಬಲೆ ಮುಗಿಯಿತು. ಪ್ರತಿ ಗಂಟೂ ಅಚ್ಚು ಹಾಕಿದಂತೆ ಸರಿಯಾಗಿತ್ತು. ಹಿಡಿದಿದ್ದ ಉಸಿರನ್ನು ಬಿಟ್ಟು ಜಲಜ ತಲೆಯೆತ್ತಿದಾಗ, ಮುಕ್ತಾ ಅವಳ ಮುಖವನ್ನೇ ನೋಡುತ್ತಿದ್ದಳು.

"ನಿಮ್ದಲ್ಲ, ಅಲ್ದಾ?" ಎಂದಳು ಮೆಲ್ಲಗೆ. "ನಮ್ಮವ್ರ್ ಕನ್ನಡಕ ತೋರ್ಸಿದಂಗೇ ಮಾಡೂದ್. ಒಂದೂ ತಪ್ಪೂದಿಲ್ಲೆ."

ಜಲಜ ಬಲೆಯನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡಳು.

"ನಿಮ್ದಂತ ಯಾರ್ ಹೇಳುಕಾತ್ತ್ ಮಾರಾಯ್ತಿ? ಕಾರವಾರದಿಂದ ಕಾಸರಗೋಡಿನ ತನ್ಕ ಎಲ್ಲರ್ ಗಂಟೂ ಈಗ ಹಿಂಗೇ ಅಲ್ದಾ?"

ಮುಕ್ತಾ ಕಣ್ಣೊರೆಸಿಕೊಂಡು ಮತ್ತೆ ಕಡಲಿನ ಕಡೆಗೆ ಮುಖ ಮಾಡಿ ಕುಳಿತಳು.