ಹಕ್ಕರಿಕೆಯ ಎಲೆ

ಸಾವಂತ್ರೆವ್ವ ಹಕ್ಕರಿಕೆ ಸೊಪ್ಪನ್ನು ಮೂರನೆಯ ಸಲ ಉಪ್ಪುನೀರಿನಲ್ಲಿ ಅದ್ದಿದಳು. ಒಂದೊಂದೇ ಎಲೆ ಮಗುಚಿ ನೋಡಿದಳು. ಎಪ್ಪತ್ತಾರರ ಹಿಂಗಾರಿನಲ್ಲಿ ಮಳೆಯೂ ಹೆಚ್ಚು, ಹುಳುವೂ ಹೆಚ್ಚು. ಒಂದೆಲೆಯ ಬೆನ್ನಿಗೆ ಕಡಲೆಕಾಳಿನಷ್ಟು ಬಸವನಹುಳು ಅಂಟಿತ್ತು. ಕಿತ್ತು ಒಲೆಗೆ ಹಾಕಿದಳು. ಆಮೇಲೆ ಉಪ್ಪು ಹಚ್ಚಿ ಉಗುರು ತಿಕ್ಕಿಕೊಂಡಳು. ಎರಡು ದಿನದಿಂದ ತಿಕ್ಕುತ್ತಲೇ ಇದ್ದಳು.

ಪಡಸಾಲೆಯಲ್ಲಿ ಅತ್ತೆ ಕಾಡವ್ವನ ದನಿ ಏರಿತ್ತು.

"ನನ್ನ ಮಗನ ತಲಿ ಒಡದು ಹೋಗೂವಂಗ ಮಾಟಾ ಮಾಡ್ಯಾಳ್ರಿ ನಿಮ್ಮ ಮಗಳು! ಅವನ ಕೌದಿ ಬುಡಕ ಕುಂಕುಮಾ ಹಚ್ಚಿದ ನಿಂಬಿಹಣ್ಣ ಸಿಕ್ಕೈತಿ. ಕರಕೊಂಡು ನಡೀರಿ. ಇನ್ನ ಈ ಹೊಸ್ತಿಲಾ ತುಳಿಸಂಗಿಲ್ಲ."

ದುಂಡಪ್ಪ ತಲೆ ತಗ್ಗಿಸಿ ಕುಳಿತಿದ್ದ. ಅವನ ಮಗಳು ಯಲ್ಲವ್ವ ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದು ವರ್ಷವಾಗಿತ್ತು. ಎರಡು ಸಲ ರಾಮದುರ್ಗದ ತವರಿಗೆ ಓಡಿಹೋಗಿದ್ದಳು. ಎರಡು ಸಲವೂ ಅವನೇ ಚಚಡಿಗೆ ಕರೆತಂದು ಬಿಟ್ಟುಹೋಗಿದ್ದ. ಅವಳು ಬಂದ ದಿನ ಸಾವಂತ್ರೆವ್ವನ ಹಾಸಿಗೆ ಅಡುಗೆಮನೆಗೆ ಬಂದಿತ್ತು.

ಒಳಕೋಣೆಯಲ್ಲಿ ಗಂಡ ದುರ್ಗಪ್ಪ ನರಳಿದ. ಹದಿನೈದು ದಿನದಿಂದ ತಲೆನೋವು. ಕುತ್ತಿಗೆ ಹೊರಳದು. ಬೆಳಕು ಕಂಡರೆ ಚೀರುತ್ತಾನೆ. ಬೆಳಗಾವಿಯಲ್ಲಿ ಡಾಕ್ಟರು ಬೆನ್ನಿನಿಂದ ನೀರು ತೆಗೆದು ನೋಡಿದ್ದರು. ಅತ್ತೆ ಆ ಹೊತ್ತು ಹರಕೆ ಹೊರಲು ಸವದತ್ತಿ ಗುಡ್ಡಕ್ಕೆ ಹೋಗಿದ್ದಳು. ಡಾಕ್ಟರ ಮಾತು ಕೇಳಿಸಿಕೊಂಡವಳು ಸಾವಂತ್ರೆವ್ವ ಒಬ್ಬಳೇ.

"ಹೊಲದಾಗ ಹಸೀ ಪಲ್ಲೆ ತಿಂತಾರೇನ್ರಿ?"

"ರೊಟ್ಟಿ ಜೋಡಿ ಹಕ್ಕರಕಿ ತಿಂತಾರ್ರಿ. ಕಿತ್ತು, ಝಾಡಿಸಿ ಬಾಯಾಗ ಹಾಕ್ಕೊಳ್ಳೂದು. ತೊಳದ್ರ ರುಚಿ ಹೋಗತೈತಿ ಅಂತಾರ."

"ಇಲಿ ಮೈಯಾಗಿನ ಹುಳ ಇದು. ಇಲಿ ಹಿಕ್ಕಿಯಿಂದ ಬಸವನಹುಳಕ್ಕ, ಅದು ಎಲಿ ಮ್ಯಾಲೆ ಕುಂತ್ರ ತಿಂದವರ ಹೊಟ್ಟಿಗೆ, ಅಲ್ಲಿಂದ ತಲಿಗೆ. ಅಂಜಬ್ಯಾಡ್ರಿ. ತಿಂಗಳದಾಗ ಎದ್ದು ಓಡ್ಯಾಡತಾರ."

ಎದ್ದು ಓಡಾಡುತ್ತಾನೆ. ಆ ಮಾತನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಯಲ್ಲವ್ವ ಬಟ್ಟೆಯ ಗಂಟು ಹಿಡಿದು ಅಡುಗೆಮನೆಗೆ ಬಂದಳು. ಹದಿನೇಳರ ಹುಡುಗಿ. ಸೆರಗು ಸರಿದಲ್ಲಿ ಹಳೆಯ ಬಾಸುಂಡೆ ಹಳದಿಗೆ ತಿರುಗಿತ್ತು.

"ಅಕ್ಕಾ, ಯಲ್ಲಮ್ಮನ ಆಣಿ, ಆ ನಿಂಬಿಹಣ್ಣ ನಾ ಇಟ್ಟಿಲ್ಲ."

"ಇಟ್ಟಿಲ್ಲ ಅಂತ ನಿಮ್ಮಪ್ಪನ ಮುಂದ ಹೇಳಾಕ ಹೋಗಬ್ಯಾಡ."

"ನಿನಗೂ ನಾ ಬ್ಯಾಡಾದ್ನೇನು?"

ಸಾವಂತ್ರೆವ್ವ ನಾಲ್ಕು ರೊಟ್ಟಿ ಕಟ್ಟಿ ಗಂಟಿನಲ್ಲಿ ತುರುಕಿದಳು. "ಯರಗಟ್ಟಿ ಬಸ್ ಬರೂ ಹೊತ್ತಾತು. ನಡಿ."

ಹುಡುಗಿ ತಿರುಗಿ ನೋಡದೆ ಹೋದಳು. ಕಾಡವ್ವ ಹೊಸ್ತಿಲಿಗೆ ನೀರು ಸುರಿದಳು. "ಪೀಡಾ ತೊಲಗಿತು. ನನ್ನ ಮಗಾ ಎದ್ದು, ಕರಕೊಂಡ ಬರತೇನಿ ಅಂದ್ರೂ ನಾ ಒಳಗ ಬಿಡಂಗಿಲ್ಲ."

ಸಾವಂತ್ರೆವ್ವ ಉಪ್ಪುನೀರು ಚೆಲ್ಲಿದಳು. ಎದ್ದ ದಿನವೇ ಗಂಡ ಬಾರುಕೋಲು ಹುಡುಕುತ್ತಾನೆ. ಮನೆಯಲ್ಲಿ ಇನ್ನು ಉಳಿದಿರುವುದು ಒಂದೇ ಬೆನ್ನು, ತನ್ನದು. ಇರಲಿ, ಎಂದುಕೊಂಡಳು.

ಉಗುರಿನ ಸಂದಿಯಲ್ಲಿ ಉಳಿದಿದ್ದ ನಿಂಬೆಹಣ್ಣಿನ ಕುಂಕುಮವನ್ನು ಮತ್ತೆ ತಿಕ್ಕತೊಡಗಿದಳು.